ಮಧ್ಯಾಹ್ನದ ಕಣಿಕಿ

ಮೇ 3, ಸಂಜೆ
ಎರಡೂ ಹೊತ್ತು ಸೇರಿ ಹಾಲು ನಾಲ್ಕು ಲೀಟರ್. ಹೋದ ತಿಂಗಳು ಏಳಿತ್ತು. ಬಿಸಿಲು 43. ಎಮ್ಮೆ ಬಾಯಿ ತೆರೆದು ತೇಕುತ್ತದೆ. ಮೇವು ಮೂಸಿ ಬಿಡುತ್ತದೆ.
ಹೆಂಡತಿ ಶಿವಗಂಗಾ ಜೇವರ್ಗಿಗೆ, ತವರಿಗೆ ಹೋಗಿ ಹದಿನೆಂಟು ದಿನ. ಅವಳನ್ನು ಕೇಳದೆ ಮುದಿ ಎಮ್ಮೆ ಮಾರಿದ್ದಕ್ಕೆ ಸಿಟ್ಟು. ಅದು ಅವಳು ತವರಿಂದ ತಂದದ್ದು. ಉಳಿದಿರುವುದು ಅದರ ಮಗಳು.

ಮೇ 4
ತಡೆಯಲಾಗಲಿಲ್ಲ. ಫೋನ್ ಮಾಡಿದೆ. ಎಮ್ಮೆ ಸಲುವಾಗಿ ಎಂದೆ.
"ಕಣಿಕಿ ಯಾವಾಗ ಹಾಕ್ತೀರಿ?"
"ಮಧ್ಯಾಹ್ನ. ಹೊಲದಿಂದ ಬರೋದೇ ಅವಾಗ."
"ಸುಡೋ ಬಿಸಿಲಾಗ ಒಣ ದಂಟು ತಿಂದ್ರ ಹೊಟ್ಟ್ಯಾಗ ಒಲಿ ಹಚ್ಚಿದಂಗ. ನೀವರ ತಿಂತೀರೇನ್ರಿ?"
ಬರೆದುಕೊಂಡೆ — ನಸುಕಿನ ಐದಕ್ಕೆ, ಸಂಜೆ ಏಳರ ಮೇಲೆ ಮಾತ್ರ ಮೇವು. ಹಸಿಮೇವು ಹೆಚ್ಚು, ಕಣಿಕಿ ಕಡಿಮೆ, ಸಣ್ಣಗೆ ಕತ್ತರಿಸಿ. ಹಿಂಡಿಯಲ್ಲಿ ಉಪ್ಪು, ಮಿನರಲ್ ಪುಡಿ. ತಣ್ಣೀರು ಇಡೀ ದಿನ ಎದುರಿಗೆ.
ನನ್ನ ಬಗ್ಗೆ ಒಂದು ಮಾತಿಲ್ಲ. ನಾಳೆಯಿಂದ ದಿನಾ ಸಂಜೆ ಆರೂವರೆಗೆ ತಾನೇ ಫೋನ್ ಮಾಡುತ್ತಾಳಂತೆ. ಎಮ್ಮೆಗಾಗಿ.

ಮೇ 9
ನಾಲ್ಕೂವರೆ ಲೀಟರ್. ಐದು ದಿನ, ಐದು ಫೋನ್. ಹಿಂದೆ ಅವಳ ತಾಯಿಯ ಕೆಮ್ಮು ಕೇಳುತ್ತದೆ. ಎರಡೇ ನಿಮಿಷ. ಇಟ್ಟ ಮೇಲೂ ಫೋನ್ ಕೈಯಲ್ಲೇ ಇರುತ್ತದೆ.

ಮೇ 14
ಆರು ಲೀಟರ್. ಅವಳಿಗೆ ಮಾತ್ರ ನಾಲ್ಕೂವರೆ ಎಂದೆ. ಎಮ್ಮೆ ಗುಣವಾದರೆ ಅವಳು ಯಾಕೆ ಫೋನ್ ಮಾಡುತ್ತಾಳೆ...
ಹಾಲು ಒಯ್ಯುವ ಮುರ್ತುಜಾ ನನ್ನ ಮುಖ ನೋಡಿ ಕೇಳಿದ, "ಸೈದಪ್ಪಣ್ಣ, ಕ್ಯಾನು ತುಂಬ್ಯಾದ, ಮಾರಿ ಯಾಕ ಇಳಿದದ?"

ಮೇ 21
ಏಳು ಲೀಟರ್. ಇಂದೂ ನಾಲ್ಕೂವರೆ ಎಂದೆ.
"ಇಷ್ಟ ಮಾಡಿದ್ರೂ ಏರವಲ್ದು ಅಂದ್ರ ಬಂದೇ ನೋಡಬೇಕು. ಐತ್ವಾರ ಬರ್ತೇನಿ."
ಬಾ ಎಂದೆ. ಭಾನುವಾರಕ್ಕೆ ನಾಲ್ಕೇ ದಿನ.

ಮೇ 23, ಮಧ್ಯಾಹ್ನ 1
ಅವಳು ಬಂದು ಹಿಂಡಿದರೆ ಸುಳ್ಳು ಗೊತ್ತಾಗುತ್ತದೆ. ಎರಡು ದಿನ ಈ ಹೊತ್ತಿಗೆ ಕಣಿಕಿ ಹಾಕಿ ನೀರು ತೆಗೆದರೆ ಹಾಲು ಇಳಿಯುತ್ತದೆ. ಕಣಿಕಿಯ ಸೂಡು ಕಟ್ಟಿ ಹೊತ್ತು ಕೊಟ್ಟಿಗೆಗೆ ಹೋದೆ. ಎಮ್ಮೆ ಕೊರಳು ಚಾಚಿತು. ನಾನು ಏನು ಕೊಟ್ಟರೂ ತಿನ್ನುತ್ತದೆ ಈಗ.
ಸೂಡು ಮತ್ತೆ ಬಣವಿಗೆ ಒಗೆದು ಬಂದೆ.

ಅದೇ ದಿನ, ಸಂಜೆ 7
ಹೇಳಿಬಿಟ್ಟೆ. "ಏಳು ಲೀಟರ್ ಕೊಡಾಕತ್ತದ. ಒಂಬತ್ತು ದಿನ ಸುಳ್ಳು ಹೇಳೀನಿ. ಎಮ್ಮಿ ಸಲುವಾಗಿ ಬರೋದಿದ್ರ ಬ್ಯಾಡ. ಮುದಿ ಎಮ್ಮಿ ಮಾರಿದ್ದು ನಂದ ತಪ್ಪು."
"ಗೊತ್ತದ. ಹೋದ ವಾರನೇ ಮುರ್ತುಜಾಗ ಕೇಳೀನಿ."
"ಮತ್ತ ದಿನಾ ಯಾಕ ಫೋನ್ ಮಾಡ್ತಿದ್ದಿ?"
"ನಾಳಿ ಮಾಡಂಗಿಲ್ರಿ," ಎಂದಳು. "ಬಸ್ಸಿನ್ಯಾಗ ಏನೂ ಕೇಳಸಂಗಿಲ್ಲ."
ಇಟ್ಟಳು. ನಾಳೆ ಶನಿವಾರ. ಐತ್ವಾರ ಅಲ್ಲ.
ನಮ್ಮ ನಿಂಬರ್ಗಾ ಬಸ್ ಸ್ಟ್ಯಾಂಡಿಗೆ ಮಧ್ಯಾಹ್ನ ಮೂರು ಗಂಟೆಗೇ ಹೋಗಿ ನಿಲ್ಲಬೇಕು. ಇಷ್ಟು ದಿನ ಬರೀ ಎಮ್ಮೆಯ ಮಾತೇ ಆಡಿದ್ದೇವೆ. ಎದುರಿಗೆ ಬಂದರೆ ಮೊದಲು ಏನು —