ಮಾವನ ಹೆಸರು ಹೇಳದ ಸೊಸೆ ಮತ್ತು ಟೋಪಿ ಹಾಕಿಕೊಂಡ ಮೈಕು

ಮಾನ್ಯ ಭಾಷಾ ಭಂಡಾರದ ಮುಖ್ಯಾಧಿಕಾರಿಗಳೇ,

ಈ ಸಮುದ್ರತೀರದ ಇತಿಹಾಸದಲ್ಲಿ ಕಲ್ಲಿನಲ್ಲಿ ಕೆತ್ತಿಡಬೇಕಾದ ಸುದ್ದಿಯೊಂದನ್ನು ಮಡಾಂಗ್ ಪಟ್ಟಣದ ಸಮಸ್ತ ನಾಗರಿಕರ ಪರವಾಗಿ ಈ ಪತ್ರಿಕೆಯ ನನ್ನ ಅಂಕಣದಲ್ಲಿ ಘೋಷಿಸಲು ಹೆಮ್ಮೆಪಡುತ್ತೇನೆ: ತಮ್ಮ ಕಚೇರಿಯ ಮೈಕಿಗೆ ತುಪ್ಪಳದ ಟೋಪಿ ಬಂದಿದೆ. ಬೂದು ಬಣ್ಣದ್ದು. ದೂರದಿಂದ ನೋಡಿದರೆ ಯಾರೋ ಕೋಲಿಗೆ ಬೆಕ್ಕಿನ ಮರಿ ಸಿಕ್ಕಿಸಿದಂತೆ ಕಾಣುತ್ತದೆ. ಕಡಲಗಾಳಿಯ ಸದ್ದನ್ನು ಅದು ಒಳಗೆ ಬಿಡುವುದಿಲ್ಲವಂತೆ. ಇಷ್ಟು ಮುಂದುವರಿದ ಕಚೇರಿಯೇ ನಮ್ಮ ಸೊಸೆ ತಿಂಗಳುಗಟ್ಟಲೆ ಕೂತು ಮಾಡಿದ ಧ್ವನಿಮುದ್ರಣಗಳನ್ನೆಲ್ಲ ತಿರಸ್ಕರಿಸಿ, ಬರುವ ಶುಕ್ರವಾರ ಅಳಿಸಿಹಾಕುವುದಾಗಿ ತಿಳಿಸಿದೆ. ಅವಳ ಅಪರಾಧ ಇಷ್ಟೇ: ಪ್ರತಿ ಮುದ್ರಣದ ಮೊದಲಿಗೆ ಅವಳು ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ.

ಹೇಳಿಲ್ಲ, ನಿಜ. ಹೇಳುವುದೂ ಇಲ್ಲ. ನಾನು ಅವಳ ಮಾವ.

ನಮ್ಮೂರಲ್ಲಿ ಸೊಸೆ ಮಾವನ ಹೆಸರೆತ್ತುವುದಿಲ್ಲ, ಮಾವ ಸೊಸೆಯ ಹೆಸರೆತ್ತುವುದಿಲ್ಲ. ಅಳಿಯ ಅತ್ತೆಯರಿಗೂ ಇದೇ ಕಟ್ಟಳೆ; ಹೊರಗಿನವರು ಆ ಹೆಸರೆತ್ತಿ ಅದು ಕಿವಿಗೆ ಬಿದ್ದರೂ ನಾಚಿಕೆ. ಆದ್ದರಿಂದ ಈ ಪತ್ರದುದ್ದಕ್ಕೂ ಅವಳು ‘ನಮ್ಮ ಸೊಸೆ’ಯೇ. ಹೆಸರಷ್ಟೇ ಅಲ್ಲ, ಹೆಸರಿನ ನೆರಳು ಬಿದ್ದ ಮಾತನ್ನೂ ಆಡುವಂತಿಲ್ಲ. ನನಗೆ ನಮ್ಮಜ್ಜ ಹವಳದಿಬ್ಬದ ಒಂದು ಬಡಕಲು ಮೀನಿನ ಹೆಸರಿಟ್ಟ. ಹಾಗಾಗಿ ನಮ್ಮ ಸೊಸೆಗೆ ಸಂತೆಯಲ್ಲಿ ಆ ಮೀನು ಬೇಕಾದರೆ ‘ಕೆಂಡದ ಮೇಲಿನದು’ ಕೊಡಿ ಎನ್ನುತ್ತಾಳೆ. ನಮ್ಮ ಪಕ್ಕದ ಮನೆಯ ಸೊಸೆಗೆ ಶಾರ್ಕ್ ಎಂದರೆ ‘ಯಾರಿಗೂ ದಾರಿ ಬಿಡದವನು’. ಹೀಗೆ ತಲೆತಲಾಂತರದಿಂದ ಊರಿನ ಸೊಸೆಯಂದಿರೆಲ್ಲ ಸೇರಿ, ಮಾವಂದಿರಿಗೆ ಅಂಜಿಕೊಂಡೇ, ಮಾವಂದಿರ ಭಾಷೆಗಿಂತ ಚಂದದ ಇನ್ನೊಂದು ಭಾಷೆಯನ್ನು ಕಟ್ಟಿಬಿಟ್ಟಿದ್ದಾರೆ. ಪದವಿಗಾಗಿ ನಮ್ಮ ಸೊಸೆ ಮಾಡುತ್ತಿರುವ ಸಂಶೋಧನೆ ಅದರ ಮೇಲೆಯೇ. ನಾನು ಮೀನಿನ ಹೆಸರು ಹೇಳಬೇಕು, ಅದಕ್ಕೆ ಸೊಸೆಯಂದಿರು ಹುಟ್ಟಿಸಿದ ಮಾತನ್ನು ಅವಳು ಹೇಳಬೇಕು. ಎದುರುಬದುರು ಕೂತು ನಾವು ಮುದ್ರಿಸಿದ್ದು ಇದನ್ನೇ.

ಇಂಥವಳಿಗೆ ಮಾವನ ಹೆಸರು ಹೇಳಿದ ಮೇಲೆಯೇ ನಿನ್ನ ಸಂಶೋಧನೆ ಸ್ವೀಕಾರ ಎಂದರೆ, ಉಪವಾಸದ ಬಗ್ಗೆ ಬರೆಯುವವಳಿಗೆ ಮೊದಲು ಹೊಟ್ಟೆತುಂಬ ಉಂಡು ರಸೀದಿ ತಾ ಎಂದ ಹಾಗಾಯಿತಲ್ಲವೇ?

ತಮ್ಮ ಕೈಪಿಡಿಯನ್ನು ನಾನೂ ಓದಿದ್ದೇನೆ. ‘ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯುಕ್ತ ಸಾಧನಗಳು’ ಎಂಬುದು ಅದರ ಶೀರ್ಷಿಕೆ. ಮೈಕು, ಧ್ವನಿಮುದ್ರಣಯಂತ್ರ, ಕಿವಿಗೆ ಹಾಕುವ ಬಟ್ಟಲುಗಳು, ಮಾತನ್ನು ಅಲೆಅಲೆಯಾಗಿ ಬಿಡಿಸಿ ತೋರಿಸುವ ತಂತ್ರಾಂಶ, ಎಲ್ಲ ಉಪಯುಕ್ತವೇ. ಊರವರನ್ನು ಕೇಳಬೇಕಾದ ಪದಗಳ ಪಟ್ಟಿಯೂ ಇದೆ. ಅದರಲ್ಲಿ ‘ಹಿಮ’ಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದ್ದೀರಿ. ಸ್ವಾಮಿ, ನಾವು ಹಿಮ ಕಂಡದ್ದು ಬಿಯರ್ ಅಂಗಡಿಯ ಫ್ರೀಜರಿನಲ್ಲಿ. ಇರಲಿ, ಅದಕ್ಕೂ ಉತ್ತರ ಕೊಟ್ಟೆ. ಆದರೆ ‘ವಿದ್ಯಾರ್ಥಿಯು ಮಾತುಗಾರರ ಹೆಸರನ್ನು ಸ್ವಂತ ಧ್ವನಿಯಲ್ಲಿ ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು’ ಎಂಬ ನಿಯಮ ಬರೆದವರು ಯಾರು? ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ ಈ ದೇಶದಲ್ಲಿ ಅವರಿಗೊಬ್ಬ ಅತ್ತೆಯೂ ಸಿಗಲಿಲ್ಲವೇ?

ಕಳೆದ ವಾರ ನಾವಿಬ್ಬರೂ ತಮ್ಮ ಕಚೇರಿಗೆ ಬಂದಿದ್ದೆವು. ನಾನು ಹೊರಗೆ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ತಮ್ಮ ಗುಮಾಸ್ತ ಕೋಸ್ಮಸ್ ಒಳ್ಳೆಯ ಹುಡುಗ.

“ಅಕ್ಕಾ, ಒಂದೇ ಒಂದ್ಸಲ ಹೇಳ್ಬಿಡಿ. ನಾನು ಕಿವಿ ಮುಚ್ಕೋತೀನಿ” ಅಂದ.

“ನೀನು ಮುಚ್ಕೋತೀಯ ಕಣಪ್ಪ. ಈ ಮೈಕು ಮುಚ್ಕೊಳತ್ತಾ?”

“ಯಾರಿಗೆ ಗೊತ್ತಾಗತ್ತೆ?”

“ಸರಿ. ಮೊದ್ಲು ನಿಮ್ಮತ್ತೆ ಹೆಸ್ರು ಹೇಳು, ಕೇಳೋಣ.”

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಕೋಸ್ಮಸ್ ದನಿ ತಗ್ಗಿಸಿ, “ನಾನ್ ಹೇಳಂಗಿಲ್ಲ ಅಕ್ಕ. ಮನೇಗ್ ಸೇರಿಸಲ್ಲ ನನ್ನ” ಅಂದ.

ಆಗ ತಾವು ಒಳಕೋಣೆಯಿಂದ ಬಂದಿರಿ. ಅಪ್ಪಣೆ ಕೊಡಿಸಿದಿರಿ: “ನೋಡಮ್ಮ, ವಿಜ್ಞಾನಕ್ಕೆ ಅತ್ತೆ ಮಾವ ಇಲ್ಲ.”

ನಾನು ಎದ್ದು ಕಿಟಕಿಯಲ್ಲಿ ತಲೆ ಹಾಕಿ, “ಸ್ವಾಮಿ, ನನ್ನ ಹೆಸರು ನಾನೇ ಹೇಳ್ತೀನಿ, ಯಾರ ಭಯಾನೂ ಇಲ್ಲ ನನಗೆ” ಅಂದೆ. ತಾವು, “ನೀವು ಹೇಳಿದ್ರೆ ಅದು ಬರೀ ಮಾಹಿತಿ ಆಗತ್ತೆ. ದೃಢೀಕರಣ ಆಗಲ್ಲ” ಅಂದಿರಿ. ಅಂದರೆ ನಾನು ನಾನೇ ಎಂಬುದಕ್ಕೆ ನಾನು ಸಾಕ್ಷಿಯಲ್ಲ. ನನ್ನ ಮಗ ಅರ್ಜಿಯಲ್ಲಿ ಅದೇ ಹೆಸರನ್ನು ಬರೆದುಕೊಟ್ಟಿದ್ದಾನೆ, ತಾವೇ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೀರಿ. ಅದೂ ಸಾಕ್ಷಿಯಲ್ಲ.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಬಿಬಿಯಾನ ಸಾಗು ಮರದ ತಿರುಳಿನ ಗಂಜಿ ತಿರುವುತ್ತಾ, “ಹೇಳಿದ್ರೆ ನಾಚಿಕೆ ತೊಳೆಯಕ್ಕೆ ಹಂದಿ ಕಡೀಬೇಕು, ಹೇಳ್ದಿದ್ರೆ ಪದವಿ ಹೋಯ್ತು. ಪದವಿ ಅವರದ್ದು, ಹಂದಿ ಮಾತ್ರ ನಮ್ದು” ಅಂದಳು. ಹಂದಿಯನ್ನಾದರೂ ಕೊಟ್ಟೇನು. ಆದರೆ ನಮ್ಮ ಸೊಸೆಗೆ ಆ ಮಾತುಗಳನ್ನು ಬಿಚ್ಚಿಕೊಟ್ಟ ಊರ ಹೆಂಗಸರಿದ್ದಾರಲ್ಲ, ಅವರು ಕೊಟ್ಟದ್ದು ಅವಳೂ ಅವರ ಹಾಗೆಯೇ ನಾಲಿಗೆ ಕಾಯುವವಳು ಎಂದು ನಂಬಿ. ಯಂತ್ರದ ಮುಂದೆ ಅವಳು ಒಮ್ಮೆ ಬಾಯಿಬಿಟ್ಟಳೆಂದರೆ ನಾಳೆಯಿಂದ ಅವಳಿಗೆ ಯಾವ ಹೆಂಗಸೂ ಒಂದು ಮಾತೂ ಕೊಡುವುದಿಲ್ಲ. ತಮ್ಮ ಕೈಪಿಡಿಯ ಉಪಯುಕ್ತ ಸಾಧನಗಳ ಸಾಲಿನಲ್ಲಿ ಈ ನಂಬಿಕೆ ಯಾವ ಪುಟದಲ್ಲಿದೆ?

ಅಳಿಸಿದರೆ ಮತ್ತೆ ಮುದ್ರಿಸಿಕೊಳ್ಳಲಿ ಎಂದು ಕೋಸ್ಮಸ್ ಕೈಯಲ್ಲಿ ಹೇಳಿ ಕಳಿಸಿದ್ದೀರಿ. ಅಲ್ಲೊಂದು ಸಣ್ಣ ತೊಡಕಿದೆ. ಹಲ್ಲು ಮೂಡಿದಾಗಿನಿಂದ ಅಡಿಕೆ ಸುಣ್ಣ ಜಗಿದವನು ನಾನು. ಆ ಶುಕ್ರವಾರ ಕಳೆದು ಬರುವ ಮಂಗಳವಾರ ರಾಜಧಾನಿ ಪೋರ್ಟ್ ಮೊರ್ಸ್ಬಿಯ ಆಸ್ಪತ್ರೆಯಲ್ಲಿ ನನ್ನ ನಾಲಿಗೆಯ ಎಡಭಾಗ ತೆಗೆಯುತ್ತಾರೆ. ಆಮೇಲೆ ಮಾತು ಹೇಗಿರುತ್ತದೆ ಎಂದು ಕೇಳಿದ್ದಕ್ಕೆ ವೈದ್ಯರು, “ಬರೆಯೋಕೆ ಬರತ್ತಲ್ವಾ ನಿಮಗೆ?” ಅಂದರು. ಬರುತ್ತದೆ, ವಾರವಾರವೂ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಬಡಕಲು ಮೀನಿನ ಹೆಸರನ್ನು ನಮ್ಮಜ್ಜ ಹೇಳುತ್ತಿದ್ದ ಹಾಗೆ ಹೇಳುವುದಕ್ಕೆ ಪೆನ್ನಿಗೆ ಬರುವುದಿಲ್ಲ. ನಮ್ಮ ಸೊಸೆಗೆ ಇದೆಲ್ಲ ಗೊತ್ತು. ಮೊನ್ನೆ ಅವಳು ನನ್ನೆದುರು ಕೂತು, ಯಂತ್ರ ಇಲ್ಲದೆಯೇ, “ಹೇಳ್ಬಿಡ್ಲಾ ಮಾವ?” ಅಂದಳು. “ಸುಮ್ನಿರಮ್ಮ, ಹಂದಿ ಇನ್ನೂ ಚಿಕ್ಕದು” ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಬಟ್ಟೆ ತರುತ್ತೇನೆಂದು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಆ ನಿಯಮದಿಂದ ‘ಸ್ವಂತ ಧ್ವನಿಯಲ್ಲಿ’ ಎಂಬ ಮಾತನ್ನು ಹೊಡೆದುಹಾಕಿ. ಅದಕ್ಕೆ ಸಮಿತಿ, ಉಪಸಮಿತಿ, ಚಹಾ ಬಿಸ್ಕತ್ತು ಎಲ್ಲ ಆಗಬೇಕೆಂದಿದ್ದರೆ ನಿಧಾನವಾಗಿ ಆಗಲಿ. ಅಲ್ಲಿಯವರೆಗೆ ಒಂದನ್ನೂ ಅಳಿಸಕೂಡದು.

ಇನ್ನೊಂದು ಸಣ್ಣ ಉಪಕಾರ. ನಮ್ಮಿಬ್ಬರ ನಡುವೆ ಬೀಗತನವಿಲ್ಲ, ತಮಗೆ ನನ್ನ ಹೆಸರಿನ ಹಂಗೂ ಇಲ್ಲ. ಗುರುವಾರ ಬೆಳಿಗ್ಗೆ ಆ ಟೋಪಿ ಹಾಕಿದ ಮೈಕನ್ನು ಕೈಗೆತ್ತಿಕೊಂಡು, ಪ್ರತಿ ಮುದ್ರಣದ ಮೊದಲಿಗೆ ತಾವೇ ನನ್ನ ಹೆಸರು ಹೇಳಿಬಿಡಿ. ಅಡಿಕೆ ಉಗುಳುವಷ್ಟು ಹೊತ್ತೂ ಬೇಡ. ಹೇಳುವ ಮುಂಚೆ ದಯಮಾಡಿ ಕಿಟಕಿ ಮುಚ್ಚಿಕೊಳ್ಳಿ, ಹೊರಗಿನ ಬೆಂಚಿನ ಮೇಲೆ ನಮ್ಮ ಸೊಸೆ ಕೂತಿರುತ್ತಾಳೆ.

ಇಂತಿ,
ತಮ್ಮ ಕಡತದಲ್ಲಿ ಕೆಂಪು ಗೆರೆಯ ಮೇಲೆ ಕೂತಿರುವ,
ಮಂಗಳವಾರದವರೆಗೆ ಮಾತು ಬಲ್ಲ,
ಒಬ್ಬ ಬಡಕಲು ಮೀನು