ಘಾಟು ಇಳಿಯದ ಗೋಡೌನು

ಅಪ್ಪಾ,

ನಿನ್ನ ಗೋಡೌನಿನಲ್ಲಿ ಕೊನೆಯದಾಗಿ ಸೀನಿದವನು ಬಿಸ್ಕೀಟು ಕಂಪನಿಯವನು. ಅವನಿಗಿಂತ ಮೊದಲು ಸಾಬೂನಿನವರು, ಅದಕ್ಕೂ ಮೊದಲು ಚಹಾಪುಡಿಯವರು ಬಂದಿದ್ದರು. ಎಲ್ಲರೂ ಹೆದ್ದಾರಿಯಿಂದ ಕಾರು ಇಳಿಸಿ ಜಾಗ ನೋಡಿದ ಕೂಡಲೇ ಖುಷಿಯಾಗುತ್ತಿದ್ದರು. ಶಿಗ್ಗಾವಿ ಪಕ್ಕದಲ್ಲೇ, ಹುಬ್ಬಳ್ಳಿಯೂ ದೂರವಿಲ್ಲ, ಲಾರಿ ತಿರುಗಿಸಲು ದೊಡ್ಡ ಅಂಗಳ. ಆಮೇಲೆ ನಿನ್ನ ಕಾಲದ ಕಾವಲುಗಾರ ಹುಸೇನ್‌ಸಾಬ ಶಟರ್ ಎತ್ತುತ್ತಿದ್ದ. ಒಳಗೆ ಕಾಲಿಡುವಷ್ಟರಲ್ಲಿ ಬಂದವರ ಮೂಗು ಕೆಂಪಾಗಿರುತ್ತಿತ್ತು.

"ಮೇಡಂ, ಇದರಾಗ ಏನ್ ಇಟ್ಟಿದ್ರಿ?" ಎಂದ ಬಿಸ್ಕೀಟಿನವನು, ಕರ್ಚೀಫಿನ ಒಳಗಿಂದಲೇ.

"ಮೆಣಸಿನಕಾಯಿ. ಖಾಲಿ ಆಗಿ ಎರಡು ವರ್ಷ ಆತು."

"ನಿನ್ನೆ ಖಾಲಿ ಮಾಡಿದಂಗ ಐತಲ್ರಿ! ನಮ್ಮ ಬಿಸ್ಕೀಟ್ ಒಂದು ವಾರ ಇಲ್ಲಿದ್ರ ಸವಣೂರ ಖಾರಾ ಆಗ್ತೈತಿ."

"ಛಲೋನ ಆತಲ್ರಿ ಸಾಹೇಬ್ರ," ಎಂದ ಹುಸೇನ್‌ಸಾಬ. "ಚಹಾದ ಜೋಡಿ ಎರಡೂ ಒಂದ ಪಾಕೀಟಿನ್ಯಾಗ ಸಿಕ್ಕಂಗಾತು."

ಬಿಸ್ಕೀಟಿನವನು ನಕ್ಕ. ನಗುತ್ತಲೇ ಕಾರು ಹತ್ತಿದ. ಆಮೇಲೆ ಫೋನು ಬರಲಿಲ್ಲ.

ಗೋಡೌನು ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ರಸ್ತೆ ಅಗಲ ಮಾಡುವಾಗ ನಮ್ಮ ಹತ್ತಿಯ ಹೊಲ ಎರಡು ಹೋಳಾಗಿ, ರಸ್ತೆಯ ದಂಡೆಗೊಂದು ತುಂಡು ಉಳಿದಿತ್ತು. ಅದನ್ನು ನೀನು ಬಿನ್‌ಶೇತ್ಕಿ ಮಾಡಿಸಿದೆ. ಇನ್ನು ಅದು ಹೊಲವಲ್ಲ ಎಂದು ಸರ್ಕಾರದಿಂದಲೇ ಬರೆಸಿಕೊಂಡೆ. ಗೋಡೆಯ ಗಿಲಾವು ಇನ್ನೂ ಹಸಿಯಾಗಿತ್ತು. ಒಂದು ತಿಂಗಳು ತಡೆಯಿರಿ ಎಂದು ಗೌಂಡಿ ಹೇಳಿದ. ನೀನು ಕೇಳಲಿಲ್ಲ. "ಹೊಸಾ ಜಾಗಾಕ್ಕ ಮೊದಲ ಲಕ್ಷ್ಮಿ ಬರಬೇಕು. ನಮ್ಮ ಕಡೆ ಲಕ್ಷ್ಮಿ ಅಂದ್ರ ಬ್ಯಾಡಗಿ ಕಾಯಿ," ಎಂದು ಮೊದಲ ಲೋಡನ್ನು ಚೀಲ ಬಿಚ್ಚಿ, ಗೋಡೆಗೆ ಒರಗಿಸಿ ರಾಶಿ ಹಾಕಿಸಿದೆ. ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆ. ಎಲ್ಲರೂ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಪೇಢೆ ತಿಂದೆವು. ಗೋಡೆ ಆ ಘಾಟನ್ನು ಅವತ್ತೇ ಕುಡಿದಿತ್ತೇನೋ. ಮುಂದೆ ಸುಗ್ಗಿಯಿಂದ ಸುಗ್ಗಿಗೆ ಕುಡಿಯುತ್ತಲೇ ಹೋಯಿತು.

ಅವತ್ತು ನೀನು ಕೇಳಿದ್ದೆ: "ನಿನ್ನ ಇಂಗ್ಲಿಷ್ ಪುಸ್ತಕದಾಗ ರಸ್ತೆ ಮ್ಯಾಲಿನ ಜಾಗಾ ಖಾಲಿ ಬೀಳ್ತೈತಿ ಅಂತ ಎಲ್ಲೆರೆ ಬರದಾರೇನು?" ಇಲ್ಲ ಎಂದಿದ್ದೆ. ಈಗಲೂ ಹುಬ್ಬಳ್ಳಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವಾಗ ಬೇಡಿಕೆಯದೊಂದು, ಪೂರೈಕೆಯದೊಂದು ಗೆರೆ ಎಳೆದು, ಅವು ಕೂಡುವಲ್ಲಿ ಚುಕ್ಕೆ ಇಡುತ್ತೇನೆ. ಆದರೆ ಬ್ಯಾಡಗಿಯ ಸುತ್ತ ತಂಪುಗೋದಾಮುಗಳು ಎದ್ದವು; ಅಲ್ಲಿಟ್ಟರೆ ಕಾಯಿಯ ಬಣ್ಣ ಮಾಸುವುದಿಲ್ಲವೆಂದು ನಿನ್ನ ವ್ಯಾಪಾರಸ್ಥರೆಲ್ಲ ಅತ್ತ ಹೋದರು. ತೆರಿಗೆಯ ರೀತಿ ಬದಲಾದ ಮೇಲೆ ದೊಡ್ಡ ಕಂಪನಿಗಳು ಊರಿಗೊಂದು ಸಣ್ಣ ಗೋಡೌನು ಹಿಡಿಯುವುದನ್ನು ಬಿಟ್ಟು, ಹೆದ್ದಾರಿಯ ಮೇಲೆ ಎತ್ತರದ್ದೊಂದನ್ನು ಹುಡುಕತೊಡಗಿದವು. ಜಾಗಕ್ಕೆ ಇಷ್ಟು ಬೇಡಿಕೆ ಯಾವತ್ತೂ ಇರಲಿಲ್ಲ ಅಪ್ಪಾ. ನಮ್ಮದನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಗೆರೆಗಳಲ್ಲಿ ಘಾಟನ್ನು ಎಲ್ಲಿ ಬರೆಯಲಿ?

ಸುಣ್ಣ ಹೊಡೆಸಿದೆ. ಸೋಡಾ ಹಾಕಿ ತೊಳೆಸಿದೆ. ಬೇವಿನ ಹೊಗೆ ಹಾಕಿಸಿದೆ. ಮೇಲೆ ದುಬಾರಿ ಬಣ್ಣವನ್ನೂ ಬಳಿಸಿದೆ. ಒಂದು ಮಳೆ ಬಿದ್ದು ಗೋಡೆ ತಂಪಾದರೆ ಸಾಕು, ಘಾಟು ಮತ್ತೆ ಏಳುತ್ತದೆ. ಹೊಲ ಮಾಡೋಣವೆಂದರೆ ಅದು ಹೊಲವಲ್ಲ. ಮಾರೋಣವೆಂದರೆ ಕೊನೆಯ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀನು ಹೇಳಿದ್ದು ಅಡ್ಡ ಬರುತ್ತದೆ: "ಯವ್ವಾ, ಅದನ್ನ ಮಾರಬ್ಯಾಡ. ಕೆಡವಬ್ಯಾಡ. ಹುಸೇನ್‌ಸಾಬನ್ನ…" ಅಷ್ಟರಲ್ಲಿ ಕೆಮ್ಮು ಬಂತು. ನಾನು ಹೂಂ ಎಂದೆ. ಏನು ಹೇಳಲಿದ್ದೆ ಅಪ್ಪಾ? ಬಿಡಬ್ಯಾಡ ಎಂದೋ? ಕೇಳಿ ಮಾಡು ಎಂದೋ? ಪೂರ್ತಿ ಕೇಳದ ಮಾತಿಗೂ ಹೂಂ ಎಂದವಳು ನಾನು.

ಹೋದ ವರ್ಷ ನಮ್ಮ ಮೂರೂ ಬದುವಿನ ಆಚೆಯ ಹೊಲಗಳನ್ನು ಒಂದು ಪಾರ್ಸೆಲ್ ಕಂಪನಿ ಕೊಂಡಿತು. ಅವರು ಕಟ್ಟಿದ ಶೆಡ್ಡಿನ ನೆರಳು ಮಧ್ಯಾಹ್ನ ದಾಟಿದರೆ ನಮ್ಮ ತಗಡಿನ ಮೇಲೆ ಬೀಳುತ್ತದೆ. ಅವರ ಮ್ಯಾನೇಜರು ನನ್ನನ್ನು ಕರೆಸಿಕೊಂಡ. "ನಮಗ ನಿಮ್ಮ ಬಿಲ್ಡಿಂಗ್ ಬ್ಯಾಡ್ರಿ ಮೇಡಂ. ಅಂಗಳ ಬಾಡಿಗಿಗೆ ಬೇಕು, ಲಾರಿ ನಿಲ್ಲಿಸಾಕ. ಬಿಲ್ಡಿಂಗ್ ನಾವು ಕೆಡವತೇವಿ."

ನೀನು ಸಾಲ ತಂದು ಕಟ್ಟಿದ್ದಕ್ಕೆ ಬೆಲೆಯಿಲ್ಲ. ಬಾಡಿಗೆಯಿಲ್ಲದೆ ಲಾರಿ ತಿರುಗಲೆಂದು ಬಿಟ್ಟ ಬಯಲಿಗೆ ಬೆಲೆ. ಪಾಠ ಹೇಳುವವಳಿಗೆ ಇದು ಅರ್ಥವಾಯಿತು. ನಿನ್ನ ಮಗಳಿಗೆ ಆಗಲಿಲ್ಲ.

"ಕೆಡವಬಾರದು. ಮತ್ತ ಹುಸೇನ್‌ಸಾಬಗ ನಿಮ್ಮಲ್ಲೆ ಕೆಲಸ ಕೊಡಬೇಕು," ಎಂದೆ.

ಅವನು ಯಾರಿಗೋ ಫೋನ್ ಮಾಡಿ ಬಂದು ಒಪ್ಪಿದ. ಗೋಡೌನು ನಿಂತಿರಲಿ, ಆದರೆ ಬೀಗ ಹಾಕಿರಬೇಕು, ಬೀಗದ ಕೈ ಅವರಲ್ಲಿ. ಅವರು ಬೇಡವೆಂದ ದಿನ ಬಿಟ್ಟು ಹೋಗಬಹುದು. ನಾನು ಬಿಡಿಸಿಕೊಳ್ಳಬೇಕೆಂದರೆ ಕರಾರಿನ ಅವಧಿ ಮುಗಿಯಬೇಕು; ಅಷ್ಟರಲ್ಲಿ ನಾನು ನಿವೃತ್ತಳಾಗಿ ಎಷ್ಟೋ ಕಾಲ ಆಗಿರುತ್ತದೆ. ಓದಿದೆ, ಮತ್ತೆ ಓದಿದೆ. ಬೇಡ ಎಂದಿದ್ದರೆ ಮೂರು ಕಡೆ ಅವರ ಗೋಡೆ, ನಾಲ್ಕನೆಯ ಕಡೆ ರಸ್ತೆ, ನಡುವೆ ನಮ್ಮ ಘಾಟು. ಸಹಿ ಮಾಡಿದೆ. ಮಾರಿಲ್ಲ, ಕೆಡವಿಲ್ಲ. ಮಾತು ಉಳಿಸಿಕೊಂಡೆನೇ, ಅಥವಾ ಅದರ ತಗಡನ್ನಷ್ಟೇ…

ನಿನ್ನೆ ಹೋಗಿದ್ದೆ. ಹೊಸ ಗೇಟಿನಲ್ಲಿ ಹುಸೇನ್‌ಸಾಬ ನೀಲಿ ಅಂಗಿ ತೊಟ್ಟು ನಿಂತಿದ್ದ. ಅಂಗಿ ಒಂದು ಅಳತೆ ದೊಡ್ಡದು. ಅಭ್ಯಾಸದಂತೆ ಒಳಗೆ ಹೆಜ್ಜೆ ಇಟ್ಟೆ.

"ಅಕ್ಕಾರ," ಎಂದ. ಆಮೇಲೆ ಬಹಳ ಮೆಲ್ಲಗೆ, "ತಪ್ಪು ತಿಳ್ಕೋಬ್ಯಾಡ್ರಿ. ಪಾಸ್ ಐತೇನ್ರಿ?"

"ನಮ್ಮ ಜಾಗಾಕ್ಕ ನನಗ ಪಾಸ್ ಏನೋ?"

"ಮ್ಯಾಲೆ ಕ್ಯಾಮೆರಾ ಐತ್ರಿ." ನನ್ನನ್ನು ನೋಡಲಿಲ್ಲ, ಕ್ಯಾಮೆರಾವನ್ನೇ ನೋಡುತ್ತಿದ್ದ. "ಈ ನೌಕರಿ ನೀವ ಕೊಡಿಸಿದ್ದು. ನಿಮ್ಮ ಸಲುವಾಗಿನ ಹೋದ್ರ ಹೆಂಗ್ರಿ?"

ನಗು ಬಂತು, ನಗಲಾಗಲಿಲ್ಲ. ಅವನು ಒಳಗಿನಿಂದ ತನ್ನ ಕುರ್ಚಿ ತಂದು ಗೇಟಿನ ಹೊರಗೆ ಹಾಕಿದ. "ಕುಂತ್ಕೋರ್ರಿ, ಚಾ ತರ್ತೇನಿ." ಕುಳಿತೆ. ಲಾರಿಗಳ ಸಂದಿಯಿಂದ ನಿನ್ನ ಗೋಡೌನಿನ ಒಂದು ಮೂಲೆ ಕಾಣುತ್ತಿತ್ತು. ಅದರ ನೆರಳಿನಲ್ಲಿ ಮಲಗಿದ್ದ ಯಾರೋ ಡ್ರೈವರು ಸೀನುತ್ತ ಎದ್ದು ಕುಳಿತ.

ಅವ್ವನಿಗೆ ಇದನ್ನೆಲ್ಲ ಹೇಳಿಲ್ಲ. ಒಳ್ಳೆಯ ಬಾಡಿಗೆದಾರರು ಸಿಕ್ಕರು ಎಂದಷ್ಟೇ ಹೇಳಿದ್ದೇನೆ. ದೀಪಾವಳಿಯ ಪೂಜೆಗೆ ಹೋಗೋಣವೆಂದು ಅವಳು ಈಗಲೇ ಹೇಳತೊಡಗಿದ್ದಾಳೆ. ಎರಡು ಪಾಸ್ ಮಾಡಿಸುತ್ತೇನೆ ಅಪ್ಪಾ. ಬೀಗ ತೆಗೆಯುವುದಿಲ್ಲವಂತೆ. ಶಟರಿನ ಮುಂದೆಯೇ ಕಾಯಿ ಒಡೆಯುತ್ತೇವೆ. ಅವ್ವ ಸೀನುತ್ತಾಳೆ, ಎಲ್ಲ ಮೊದಲಿನ ಹಾಗೇ ಇದೆ ಅಂದುಕೊಳ್ಳುತ್ತಾಳೆ. ನಾನು ಹೂಂ ಎನ್ನುತ್ತೇನೆ.

ನಿನ್ನ
ಮಗಳು