ಹಡಗಿನ ಅಡುಗೆಮನೆ ನೋಡಿ ಬಂದೆ

ಕೊಟ್ಟಿಗೆಹಾರ
12 ಡಿಸೆಂಬರ್ 2024

ಪ್ರೀತಿಯ ರೂಪಾಳ ಅಪ್ಪನಿಗೆ, ಅಂಬುಜಾಳ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಬೆನ್ನುನೋವು ಹೇಗಿದೆ? ಹಡಗು ಕಡಲಿಗೆ ಇಳಿದ ಮೇಲೆ ನಿಮ್ಮ ಫೋನ್ ಸಿಗುವುದಿಲ್ಲ, ಅದಕ್ಕೇ ಕಾಗದ. ಇಲ್ಲಿ ಕಾಫಿ ಕೊಯ್ಲು ಶುರುವಾಗಿದೆ. ಬೆಳಗಾದರೆ ಎಸ್ಟೇಟ್ ಜೀಪುಗಳು ನಮ್ಮ ಹೋಟೆಲ್ ಮುಂದೆ ನಿಂತು ನೀರುದೋಸೆ ಕಟ್ಟಿಸಿಕೊಂಡು ಹೋಗುತ್ತವೆ. ವ್ಯಾಪಾರದ ಚಿಂತೆ ನಿಮಗೆ ಬೇಡ.

ಹೋದ ವಾರ ಪಕ್ಕದ ಮನೆಯ ಸರೋಜಮ್ಮನಿಗೆ ಹೋಟೆಲ್ ಒಪ್ಪಿಸಿ ನಾನೂ ರೂಪಾಳೂ ಕಾರವಾರಕ್ಕೆ ಹೋಗಿದ್ದೆವು. ಅಲ್ಲಿ ಹಳೆಯ ಯುದ್ಧನೌಕೆಯನ್ನು ದಡದ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರಲ್ಲ, ಅದನ್ನು ನೋಡಬೇಕೆಂದು ಅವಳದೇ ಹಟ. ಜನರೆಲ್ಲ ಫಿರಂಗಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಅಡುಗೆಮನೆ ಎಲ್ಲಿ ಎಂದು ಕೇಳಿದೆ. ತೋರಿಸಲು ಇದ್ದವರು ನೌಕಾಪಡೆಯಿಂದ ನಿವೃತ್ತರಾದ ಹಿರಿಯರು. ನನ್ನ ಯಜಮಾನರು ಹಡಗಿನಲ್ಲಿ ಅಡುಗೆಯವರು ಎಂದೊಡನೆ ತಾವೇ ಮುಂದೆ ನಡೆದರು.

ಅದನ್ನು ಅಡುಗೆಮನೆ ಎನ್ನುವುದು ಹೇಗೆ? ನಾವು ಪಾತ್ರೆ ತೊಳೆಯುವ ಮೂಲೆ ಅದಕ್ಕಿಂತ ದೊಡ್ಡದು. ಒಲೆಯ ಸುತ್ತ ಕಬ್ಬಿಣದ ಸರಳು. ಕಡಲು ಎದ್ದಾಗ ಪಾತ್ರೆ ಜಾರದಿರಲಿ ಎಂದು ಅದು. ಅಡುಗೆಯವರೇ ಜಾರಿದರೆ ಎಂದು ಕೇಳಿದೆ. "ಒಂದ್ ಕೈಯಲ್ಲಿ ಸರಳು ಹಿಡ್ಕೊಳ್ಬೇಕು ತಂಗಿ, ಇನ್ನೊಂದ್ ಕೈಯಲ್ಲಿ ಬಡಿಸ್ಬೇಕು. ವಾಂತಿ ಬಂದ್ರೂ ಅನ್ನ ನಿಲ್ಸೋ ಹಾಗಿಲ್ಲ" ಎಂದರು. ನಿಮ್ಮ ಮೊಣಕೈಯ ಸುಟ್ಟ ಕಲೆ ಕಣ್ಣ ಮುಂದೆ ಬಂತು. ನಮ್ಮ ಹಡಗಿನ ಕಿಚನ್ ಕಲ್ಯಾಣ ಮಂಟಪದ ಹಾಗಿದೆ ಎಂದು ಇಷ್ಟು ವರ್ಷ ನಂಬಿಸಿದಿರಲ್ಲ ಮಾರಾಯ್ರೇ. ಸಿಟ್ಟಿಲ್ಲ. ಸ್ವಲ್ಪ ಹೊತ್ತು ಆ ಸರಳು ಹಿಡಿದು ನಿಂತಿದ್ದೆ, ಅಷ್ಟೆ.

ತಿರುಗಿ ನೋಡಿದರೆ ರೂಪಾ ಇಲ್ಲ. ಏಣಿ ಇಳಿದು ಎಂಜಿನ್ ಕೋಣೆ ಸೇರಿದ್ದಳು. ನಮ್ಮ ಗ್ರೈಂಡರ್ ಕೆಟ್ಟರೆ ಬಿಚ್ಚಿ ಜೋಡಿಸುವವಳು ಅವಳೇ ತಾನೆ. ಬಾಗಿಲು ಹಾಕುವ ಹೊತ್ತಾದರೂ ಆ ಹಿರಿಯರಿಗೆ ಅವಳ ಪ್ರಶ್ನೆಗಳಿಂದ ಬಿಡುಗಡೆ ಸಿಗಲಿಲ್ಲ.

ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ನಿಮ್ಮನ್ನೂ ಜತೆಗಿರುವವರನ್ನೂ ಕಳಸೇಶ್ವರ ಕಾಯಲಿ. ಸರೋಜಮ್ಮ ನಿಮ್ಮನ್ನು ಕೇಳಿದ್ದಾರೆ.

ನಿಮ್ಮ
ಅಂಬುಜಾ

ತಾ.ಕ.: ರೂಪಾ ನೌಕಾಪಡೆಗೆ ಅರ್ಜಿ ಹಾಕಿದ್ದಾಳೆ. ನನ್ನ ಮಗಳು ಹಡಗು ಹತ್ತುವುದು ಬೇಡ ಎಂದು ನೀವು ಯಾಕೆ ಹೇಳುತ್ತಿದ್ದಿರೆಂದು ಈಗ ನನಗೆ ಗೊತ್ತು. ಬಸ್ಸಿನಲ್ಲಿ ಬರುವಾಗ ಅಡುಗೆಮನೆಯ ಕಥೆಯೆಲ್ಲ ಅವಳಿಗೆ ಹೇಳಿದೆ. "ಗೊತ್ತಮ್ಮಾ, ಅಪ್ಪ ನಂಗೆ ಎಲ್ಲಾ ಹೇಳಿದಾರೆ" ಎಂದಳು. ಅಷ್ಟೆಲ್ಲ ತಿಳಿದೂ ಹೋಗುತ್ತೇನೆ ಎನ್ನುವವಳನ್ನು ತಡೆಯುವುದು ಸರಿಯಲ್ಲ. ನಾನು ಹೂಂ ಅಂದಿದ್ದೇನೆ. ಬಂದರು ಸೇರಿದೊಡನೆ ಅವಳಿಗೆ ಫೋನ್ ಮಾಡಿ ನೀವೂ ಹೂಂ ಅನ್ನಿ. ಆಮೇಲೆ ಫೋನ್ ನನಗೆ ಕೊಡಲು ಹೇಳಿ. ಹೆಂಡತಿಗೆ ಹೇಳದ್ದನ್ನು ಮಗಳಿಗೆ ಹೇಳಿದ್ದು ಯಾಕೆ ಎಂದು ನಾನು ಕೇಳುವುದಿದೆ.